ಪದವಿಪೂರ್ವ ತರಗತಿಗಳಲ್ಲಿ ಕಾನೂನಿನ ವ್ಯಾಸಂಗ: ರಾಮನಗರ ಸೀಮೆಯ ನಾಲ್ಕು ನಿದರ್ಶನಗಳು

ಕಾನೂನಿನ ವ್ಯಾಸಂಗವೆಂದರೆ ವಕೀಲವೃತ್ತಿಗೆ ಸಿದ್ಧತೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯವರಾದ ಕೆಂಗಲ್ ಹನುಮಂತಯ್ಯನವರು ಪುಣೆಯಲ್ಲಿ ಕಾನೂನು ಓದಿ, ಸಂವಿಧಾನ ರಚನಾ ಸಭೆಯ ಸದಸ್ಯರಾಗಿ, 1952ರಲ್ಲಿ ಮೈಸೂರಿನ ಮುಖ್ಯಮಂತ್ರಿಗಳಾದರು. ಆದರೆ ಆ ದಾರಿಯಲ್ಲಿ ನಡೆಯುವವರು ಕೆಲವರು ಮಾತ್ರ. ಕಾನೂನಿನ ಅಧೀನದಲ್ಲಿ ಬಾಳುವವರು ಎಲ್ಲರೂ.

ಕರ್ನಾಟಕದ ಪದವಿಪೂರ್ವ ಪಠ್ಯಕ್ರಮದಲ್ಲಿ ಕಾನೂನು ಒಂದು ಸ್ವತಂತ್ರ ವಿಷಯವಾಗಿಲ್ಲ. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯು 11 ಮತ್ತು 12ನೆಯ ತರಗತಿಗಳಲ್ಲಿ ಅದನ್ನು ಐಚ್ಛಿಕವಾಗಿ ಇಟ್ಟಿದೆ. ನಮ್ಮ ವಿದ್ಯಾರ್ಥಿಗೆ ರಾಜ್ಯಶಾಸ್ತ್ರದಲ್ಲಿ ಸಂವಿಧಾನದ ಪರಿಚಯವೂ, ವ್ಯವಹಾರ ಅಧ್ಯಯನದಲ್ಲಿ ಗ್ರಾಹಕ ರಕ್ಷಣೆಯ ಪರಿಚಯವೂ ಆಗುತ್ತವೆ. ವಿಜ್ಞಾನ ವಿಭಾಗದವರಿಗೆ ಅಷ್ಟೂ ಇಲ್ಲ.

ಈ ಕೊರತೆ ಗಣನೀಯವಾದುದೇ ಎಂಬ ಪ್ರಶ್ನೆಗೆ ವಿದ್ಯಾರ್ಥಿಯ ವಯಸ್ಸೇ ಉತ್ತರ. 1875ರ ಪ್ರಾಪ್ತವಯಸ್ಕತಾ ಅಧಿನಿಯಮದ ಮೇರೆಗೆ 18 ವರ್ಷ ತುಂಬಿದವನು ಪ್ರಾಪ್ತವಯಸ್ಕ. ಅಪ್ರಾಪ್ತವಯಸ್ಕನು ಮಾಡಿಕೊಂಡ ಕರಾರು ಶೂನ್ಯವೆಂದು 1903ರಲ್ಲಿಯೇ ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ಸಂವಿಧಾನದ 61ನೆಯ ತಿದ್ದುಪಡಿಯ ತರುವಾಯ ಮತದಾನದ ವಯಸ್ಸೂ ಹದಿನೆಂಟೇ. ಎಂದರೆ, ದ್ವಿತೀಯ ಪದವಿಪೂರ್ವ ಪರೀಕ್ಷೆಯ ಆಸುಪಾಸಿನಲ್ಲಿಯೇ ವಿದ್ಯಾರ್ಥಿಯ ರುಜುವಿಗೆ ಮೊದಲ ಬಾರಿಗೆ ಬೆಲೆ ಬರುತ್ತದೆ. ಬೆಲೆ ಬರುವ ಮುನ್ನ ಅದರ ಪರಿಣಾಮವನ್ನು ತಿಳಿದಿರುವುದು ಒಳ್ಳೆಯದಲ್ಲವೆ?

ಇನ್ನು ಕಲಿಸುವ ಕ್ರಮದ ವಿಚಾರ. ಕಲಮುಗಳನ್ನು ಬಾಯಿಪಾಠ ಮಾಡಿಸುವುದರಿಂದ ಪ್ರಯೋಜನವಿಲ್ಲ. ಭಾರತೀಯ ದಂಡಸಂಹಿತೆಯನ್ನು ಉರುಹೊಡೆದವರ ಪರಿಶ್ರಮ, 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದೊಡನೆ ಬಹುಮಟ್ಟಿಗೆ ನಿರರ್ಥಕವಾಯಿತು. ಸಂಖ್ಯೆಗಳು ಬದಲಾಗುತ್ತವೆ, ತತ್ತ್ವಗಳು ಬಹುಕಾಲ ನಿಲ್ಲುತ್ತವೆ. ತತ್ತ್ವಗಳನ್ನು ಊರಿನ ವ್ಯವಹಾರದಿಂದಲೇ ಎತ್ತಿ ತೋರಿಸಬಹುದು. 2007ರಲ್ಲಿ ರಾಮನಗರ ಜಿಲ್ಲೆಯೆಂದು ರಚಿತವಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ಪಡೆದ ಸೀಮೆಯ ನಾಲ್ಕು ತಾಲ್ಲೂಕುಗಳನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಳ್ಳೋಣ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಪ್ರಸಿದ್ಧವಾದುದು. 1959ರಲ್ಲಿ ಆದ ರಾಜ್ಯದ ಕಾನೂನೊಂದು ಗೂಡಿನ ಉತ್ಪಾದನೆ ಹಾಗೂ ಮಾರಾಟವನ್ನು ನಿಯಂತ್ರಿಸುತ್ತದೆ. ತಾನು ಬೆಳೆದ ಗೂಡನ್ನು ಮಾರುವ ವಿಷಯದಲ್ಲಿ ಬೆಳೆಗಾರನಿಗೆ ಸರ್ಕಾರ ಕಟ್ಟುಪಾಡು ಹಾಕಬಹುದೆ? ಸಂವಿಧಾನದ 19ನೆಯ ಅನುಚ್ಛೇದ ವ್ಯಾಪಾರ ಸ್ವಾತಂತ್ರ್ಯವನ್ನು ಕೊಟ್ಟು, ಸಾರ್ವಜನಿಕ ಹಿತಕ್ಕಾಗಿ ಯುಕ್ತವಾದ ನಿರ್ಬಂಧಕ್ಕೂ ಅವಕಾಶವಿತ್ತಿದೆ. ತೂಕ, ದರ, ಹಣ ಪಾವತಿ ಇವುಗಳಲ್ಲಿ ರೈತನಿಗೆ ಮೋಸವಾಗದಿರಲೆಂಬುದು ಇಂಥ ನಿರ್ಬಂಧಕ್ಕೆ ಸಮರ್ಥನೆ. ಅದು ‘ಯುಕ್ತ’ವೇ ಎಂಬ ಚರ್ಚೆಯಲ್ಲಿ ಇಡೀ ಸಂವಿಧಾನ ವ್ಯಾಖ್ಯಾನದ ಬೀಜವಡಗಿದೆ.

ಚನ್ನಪಟ್ಟಣದ ಅರಗಿನ ಬಣ್ಣದ ಮರದ ಆಟಿಕೆಗಳಿಗೆ 1999ರ ಭೌಗೋಳಿಕ ಸೂಚ್ಯಂಕ ಕಾನೂನಿನ ರಕ್ಷಣೆಯುಂಟು. ವ್ಯಾಪಾರಮುದ್ರೆಯನ್ನು ಒಡೆಯನು ಮತ್ತೊಬ್ಬನಿಗೆ ಮಾರಬಹುದು. ಭೌಗೋಳಿಕ ಸೂಚ್ಯಂಕವನ್ನು ಯಾರೂ ಮಾರುವಂತಿಲ್ಲ. ಅದು ಒಂದು ಸ್ಥಳದ ಕುಶಲಕರ್ಮಿಗಳೆಲ್ಲರ ಸೊತ್ತು. ಸೊತ್ತೆಂದರೆ ಹೊಲ ಮನೆಗಳಷ್ಟೇ ಅಲ್ಲ, ಹೆಸರೂ ಸೊತ್ತಾಗಬಲ್ಲದು ಎಂಬುದನ್ನು ವಿದ್ಯಾರ್ಥಿ ಇಲ್ಲಿ ಸುಲಭವಾಗಿ ಗ್ರಹಿಸುತ್ತಾನೆ.

ಕನಕಪುರದ ಕಾಡಂಚಿನ ಹೊಲಗಳಿಗೆ ಆನೆಗಳು ನುಗ್ಗುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 11ನೆಯ ಪ್ರಕರಣವು, ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಕಾಡುಪ್ರಾಣಿಯನ್ನು ಕೊಲ್ಲುವುದು ಅಪರಾಧವಲ್ಲವೆನ್ನುತ್ತದೆ. ಬೆಳೆಯ ರಕ್ಷಣೆಗಾಗಿ ಎಂದು ಆ ವಿನಾಯಿತಿಯಲ್ಲಿಲ್ಲ. ಶಾಸನದಲ್ಲಿ ಇರುವ ಪದವನ್ನೂ ಇಲ್ಲದ ಪದವನ್ನೂ ಸಮನಾಗಿ ಗಮನಿಸಬೇಕು ಎಂಬ ಪಾಠಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ದೊರೆಯದು. ಬೇಲಿಗೆ ವಿದ್ಯುತ್ ಹರಿಸುವ ರೈತ ಈ ಭೇದವನ್ನು ತಿಳಿಯದೆ ಹೋದರೆ ಸೆರೆಮನೆ ಸೇರಬೇಕಾದೀತು.

ಮಾಗಡಿಯ ನಿದರ್ಶನ ಜಮೀನಿಗೆ ಸಂಬಂಧಿಸಿದ್ದು. ವಾಸ್ತವವಾಗಿ ನಾಲ್ಕು ತಾಲ್ಲೂಕುಗಳಿಗೂ ಅದು ಸಮಾನ. ಬೆಂಗಳೂರಿನ ಸಾಮೀಪ್ಯದಿಂದ ಇಲ್ಲಿನ ಭೂಮಿಯ ಬೆಲೆ ಏರಿದೆ. ಮಾರಾಟದ ಮಾತು ಬಂದಾಗ ಹೆಣ್ಣುಮಕ್ಕಳಿಂದ ಹಕ್ಕು ಖುಲಾಸೆ ಪತ್ರಕ್ಕೆ ರುಜು ಪಡೆಯುವ ವಾಡಿಕೆ ಇದೆ. ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೂ ಸಮಪಾಲನ್ನು ಕರ್ನಾಟಕ 1994ರಲ್ಲಿಯೇ ಕೊಟ್ಟಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೊಡೆಯಿತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದು, ತಂದೆ 2005ರಲ್ಲಿ ಬದುಕಿರಬೇಕೆಂಬ ನಿಯಮವಿಲ್ಲ ಎಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಾಗಲಿ ನ್ಯಾಯಾಲಯದ ಡಿಕ್ರಿಯಿಂದಾಗಲಿ ಆದ ವಿಭಾಗಕ್ಕೆ ಇದರಿಂದ ಬಾಧೆಯಿಲ್ಲ.

ಹದಿನೇಳರ ಹುಡುಗಿ ಹಾಕಿದ ರುಜುವಿನಿಂದ ಅವಳ ಹಕ್ಕು ಬಿಟ್ಟುಹೋಗದು. ಹದಿನೆಂಟು ತುಂಬಿದ ಮೇಲೆ ಉಪನೋಂದಣಾಧಿಕಾರಿಯ ಮುಂದೆ ಸ್ವಇಚ್ಛೆಯಿಂದ ಹಾಕಿದ್ದು ಅವಳನ್ನು ಕಟ್ಟುತ್ತದೆ. ಬಲಾತ್ಕಾರ, ಅನುಚಿತ ಪ್ರಭಾವ ಅಥವಾ ವಂಚನೆಯಿಂದ ಪಡೆದುದನ್ನು ರದ್ದುಪಡಿಸಲು ಕೇಳಬಹುದು. ಆದರೆ ಅದನ್ನು ರುಜುವಾತುಪಡಿಸುವ ಹೊರೆ ಸಾಮಾನ್ಯವಾಗಿ ಅವಳದೇ. ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವುದು, ಇಟ್ಟುಕೊಳ್ಳುವುದು ಅವಳ ಇಷ್ಟ. ಆದರೆ ಏನನ್ನು ಬಿಡುತ್ತಿರುವೆನೆಂದು ತಿಳಿಯದೆ ಬಿಡುವುದನ್ನು ಔದಾರ್ಯವೆನ್ನಲಾಗದು.

ಹಕ್ಕಿನ ಜೊತೆಗೆ ಅದನ್ನು ಕೇಳುವ ಸ್ಥಳವನ್ನೂ ಕಲಿಸಬೇಕು. ಪಹಣಿ, ಖಾತೆಗಳ ತಿದ್ದುಪಡಿ ತಹಸೀಲ್ದಾರ್ ಮುಂತಾದ ಕಂದಾಯಾಧಿಕಾರಿಗಳ ಕೆಲಸ. ಆದರೆ ಖಾತೆ ಬದಲಾದ ಮಾತ್ರಕ್ಕೆ ಒಡೆತನ ಬದಲಾಗುವುದಿಲ್ಲ. ಒಡೆತನದ ಮತ್ತು ಪಾಲಿನ ದಾವೆ ಸಿವಿಲ್ ನ್ಯಾಯಾಲಯಕ್ಕೆ ಸೇರಿದ್ದು. ತಾಲ್ಲೂಕಿನ ನ್ಯಾಯಾಲಯ, ರಾಮನಗರದ ಜಿಲ್ಲಾ ನ್ಯಾಯಾಲಯ, ಬೆಂಗಳೂರಿನ ಉಚ್ಚ ನ್ಯಾಯಾಲಯ, ದೆಹಲಿಯ ಸರ್ವೋಚ್ಚ ನ್ಯಾಯಾಲಯ ಎಂಬುದು ಸ್ಥೂಲವಾದ ಸೋಪಾನಕ್ರಮ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಸ್ತ್ರೀಯರಿಗೂ ಮಕ್ಕಳಿಗೂ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದಕ್ಕೆ ಡಿಕ್ರಿಯ ಬಲವುಂಟು, ಮೇಲ್ಮನವಿಯಿಲ್ಲ.

ಇಷ್ಟಕ್ಕೆ ಪ್ರತ್ಯೇಕ ವಿಷಯ ಮಂಜೂರಾಗುವವರೆಗೆ ಕಾಯಬೇಕಾಗಿಲ್ಲ. ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿಯೂ ನ್ಯಾಯಾಲಯವಿದೆ. ಅದರ ಕಲಾಪ ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದದ್ದು. ಒಂದು ಕ್ರಯಪತ್ರ, ಒಂದು ಪಹಣಿ, ಶಾಸನದ ಒಂದು ಪ್ರಕರಣ ಇವನ್ನು ತರಗತಿಯಲ್ಲಿ ಪದಪದವಾಗಿ ಓದಿಸುವ ಅಧ್ಯಾಪಕರಿದ್ದರೆ ಆರಂಭಕ್ಕೆ ಸಾಕು.