ಅಧಿಕಾರ್ಹನನ್ನು ಬಿಟ್ಟು ಅಲ್ಪಾರ್ಹನ ನೇಮಕ: ಕಾನೂನಿನ ದೃಷ್ಟಿ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಡಕೆಯ ತೋಟದೊಡನೆ ಮಗನದೋ ಮಗಳದೋ ನೌಕರಿಯನ್ನೂ ನೆಚ್ಚಿಕೊಂಡಿರುವ ಮನೆಗಳು ಅನೇಕ. ಹೆಚ್ಚಿನ ಪದವಿಯೂ ಅನುಭವವೂ ಉಳ್ಳವರನ್ನು ಬಿಟ್ಟು ಅವರಿಗಿಂತ ಕಡಮೆ ಅರ್ಹತೆಯುಳ್ಳವರನ್ನು ಆರಿಸಿದರೆ, ಅದು ಕಾನೂನಿಗೆ ವಿರುದ್ಧವಲ್ಲವೇ ಎಂಬ ಪ್ರಶ್ನೆ ಅಂಥ ಮನೆಗಳಲ್ಲಿ ಏಳುವುದು ಸಹಜ. ಪ್ರಕೃತ ಲೇಖನದಲ್ಲಿ ಇದನ್ನೇ ವಿವೇಚಿಸಲು ಉದ್ದೇಶಿಸಿದ್ದೇವೆ.

ಸಂವಿಧಾನದ 14 ಮತ್ತು 16ನೆಯ ಅನುಚ್ಛೇದಗಳು ಸರ್ಕಾರಿ ಹುದ್ದೆಗಳ ವಿಷಯದಲ್ಲಿ ಸಮಾನಾವಕಾಶವನ್ನು ಕೊಟ್ಟಿವೆ. ಆದರೆ ಅವು ಕೊಟ್ಟಿರುವುದು ಹುದ್ದೆಯನ್ನಲ್ಲ. ನಿಯಮಾನುಸಾರವಾಗಿ ಪರಿಗಣಿತನಾಗುವ ಹಕ್ಕನ್ನು. ಈ ಭೇದವೇ ಸಮಸ್ತ ವಿಷಯದ ತಿರುಳು.

ಈ ಪ್ರಾಂತವು ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿದ್ದ ಕಾಲದ ಮೊಕದ್ದಮೆಯೊಂದನ್ನು ನೋಡೋಣ. ಆ ವಿಶ್ವವಿದ್ಯಾನಿಲಯದ ಇಂಗ್ಲಿಷ್ ರೀಡರ್ ಹುದ್ದೆಗೆ ಆಯ್ಕೆಯಾದವರಿಗೆ ನಿಗದಿಯಾದ ಅರ್ಹತೆಯಿಲ್ಲವೆಂದು ಸಿ. ಡಿ. ಗೋವಿಂದ ರಾವ್ ಅವರು ಆಕ್ಷೇಪಿಸಿದರು. ಮೈಸೂರು ಉಚ್ಚ ನ್ಯಾಯಾಲಯವು ನೇಮಕವನ್ನು ರದ್ದುಗೊಳಿಸಿತು. ಸರ್ವೋಚ್ಚ ನ್ಯಾಯಾಲಯವು 1963ರಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ತಜ್ಞರ ಮಂಡಲಿಯಲ್ಲಿ ದುರುದ್ದೇಶದ ಆರೋಪವಿಲ್ಲದಿರುವಾಗ, ವಿದ್ಯಾವಿಷಯದಲ್ಲಿ ಅದು ಕೊಟ್ಟ ಅಭಿಪ್ರಾಯವನ್ನು ಮೀರಲು ನ್ಯಾಯಾಲಯಗಳು ಹಿಂಜರಿಯಬೇಕೆಂಬುದು ಅದರ ಸಾರ.

ಬಡ್ತಿಯ ವಿಷಯವೂ ಹೀಗೆಯೇ. 1968ರಲ್ಲಿ ಮೈಸೂರು ಸರ್ಕಾರ ಹಾಗೂ ಸೈಯದ್ ಮಹಮೂದ್ ನಡುವಣ ಮೊಕದ್ದಮೆಯಲ್ಲಿ, ಜ್ಯೇಷ್ಠತೆಯೊಡನೆ ಯೋಗ್ಯತೆಯನ್ನು ನೋಡುವ ನಿಯಮವಿರುವಲ್ಲಿ ಜ್ಯೇಷ್ಠತೆಯೊಂದರಿಂದಲೇ ಬಡ್ತಿ ಹಕ್ಕಾಗದೆಂದು ತೀರ್ಮಾನವಾಯಿತು. ಅಯೋಗ್ಯನೆಂದು ಕಂಡುಬಂದ ಹಿರಿಯನನ್ನು ಬಿಟ್ಟು ಕಿರಿಯನಿಗೆ ಬಡ್ತಿ ಕೊಡಬಹುದು. ಆದರೆ ಹಿರಿಯನನ್ನು ಪರಿಗಣಿಸದೆಯೇ ಬಿಡುವಂತಿಲ್ಲ.

ಹಾಗಾದರೆ ಕಾನೂನುಬಾಹಿರವಾದುದು ಯಾವುದು? ಪ್ರಕಟಿಸಿದ ಕನಿಷ್ಠ ಅರ್ಹತೆಯೇ ಇಲ್ಲದವರನ್ನು ನೇಮಿಸುವುದು. ನಿಯಮದ ಅನುಮತಿಯಿಲ್ಲದೆ ಆಯ್ಕೆಯ ನಡುವೆ ಮಾನದಂಡವನ್ನು ಬದಲಿಸುವುದು. ದುರುದ್ದೇಶದಿಂದಲೋ ಪಕ್ಷಪಾತದಿಂದಲೋ ವರ್ತಿಸುವುದು. ಇವುಗಳನ್ನು ಪ್ರಮಾಣಗಳಿಂದ ಸಿದ್ಧಪಡಿಸಬೇಕು. 16(4)ನೆಯ ಅನುಚ್ಛೇದದಂತೆ ಮೀಸಲಾದ ಹುದ್ದೆಗೆ ಕಡಮೆ ಅಂಕದವರು ಆಯ್ಕೆಯಾದರೆ ಅಷ್ಟರಿಂದಲೇ ಅದು ಅನ್ಯಾಯವೆನಿಸದು.

ಖಾಸಗಿ ಅಂಗಡಿ, ಕಾರ್ಖಾನೆಗಳ ಮಾತು ಬೇರೆ. 16ನೆಯ ಅನುಚ್ಛೇದವು ಅವಕ್ಕೆ ಅನ್ವಯಿಸದು. ಒಡೆಯನು ಅಲ್ಪಾರ್ಹನನ್ನು ಆರಿಸಿಕೊಂಡರೆ ಅದು ಅವಿವೇಕವಾದೀತೇ ಹೊರತು ಸಾಮಾನ್ಯವಾಗಿ ಅಪರಾಧವಾಗದು. ಆದರೆ ಸಮಾನ ಕೆಲಸಕ್ಕೆ ಹೆಂಗಸೆಂಬ ಕಾರಣದಿಂದ ನಿರಾಕರಿಸುವುದನ್ನು ಶಾಸನವು ನಿಷೇಧಿಸಿದೆ.

ಅವಕಾಶ ತಪ್ಪಿದವರು ಮೊದಲು ಮಾಡಬೇಕಾದುದು ಸಂಗತಿಗಳ ಸಂಗ್ರಹ. 2005ರ ಮಾಹಿತಿ ಹಕ್ಕು ಶಾಸನದಂತೆ ಅಂಕಗಳನ್ನೂ ಆಯ್ಕೆಯ ಮಾನದಂಡವನ್ನೂ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ರಾಜ್ಯದ ಸಿವಿಲ್ ಹುದ್ದೆಯಾದರೆ ಕರ್ನಾಟಕ ಆಡಳಿತ ನ್ಯಾಯಮಂಡಲಿಗೆ, ಅಂತಿಮ ಆದೇಶವಾದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಕಾಲಹರಣದಿಂದ ಸಾಚಾ ಹಕ್ಕೂ ಕೈತಪ್ಪೀತು.

ಆದುದರಿಂದ “ನಾನು ಅವನಿಗಿಂತ ಮೇಲು” ಎಂಬ ವಾದದಿಂದ ಫಲ ಕಡಮೆ. “ನಿಯಮವು ಹೀಗಿತ್ತು, ಅದನ್ನು ಇಲ್ಲಿ ಮುರಿದಿದ್ದಾರೆ” ಎಂದು ತೋರಿಸಬಲ್ಲವರ ಮಾತಿಗೆ ನ್ಯಾಯಪೀಠವು ಕಿವಿಗೊಡುತ್ತದೆ.