ದಿನ ತುಂಬದ ಕೂಸಿಗೆ ಉಸಿರು ಕೊಡುವ ಚುಚ್ಚುಮದ್ದು

ಗೋಕರ್ಣ ಯಾತ್ರೆಗೆ ಹೋಗುವ ನಮ್ಮ ಸದ್ಭಕ್ತರಲ್ಲಿ ಅನೇಕರು ಮಹಾಬಲೇಶ್ವರನ ದರ್ಶನವಾದ ಮೇಲೆ ಓಂ ಬೀಚಿಗೂ ಹೋಗಿ ಬರುವುದುಂಟು. ಎರಡು ಅರ್ಧಚಂದ್ರಗಳು ಕೂಡಿ ಓಂಕಾರದ ಆಕೃತಿ ತಳೆದ ಆ ತೀರ ರಮಣೀಯವಾದುದು. ಆದರೆ ಆ ಭಾಗದ ಗರ್ಭಿಣಿಯೊಬ್ಬಳಿಗೆ ಏಳನೆಯ ತಿಂಗಳಲ್ಲಿಯೇ ನೋವು ಕಾಣಿಸಿಕೊಂಡರೆ ಗತಿಯೇನು? ತಾಲ್ಲೂಕು ಆಸ್ಪತ್ರೆ ಕುಮಟೆಯಲ್ಲಿದೆ, ವೈದ್ಯಕೀಯ ಕಾಲೇಜು ಕಾರವಾರದಲ್ಲಿದೆ. ಮಣಿಪಾಲಕ್ಕೆ ಹೋಗುವುದಾದರೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಇಂತಹ ದೂರದಲ್ಲಿ ಕೂಸಿನ ಪ್ರಾಣಕ್ಕೆ ಆಸರೆಯಾಗಬಲ್ಲದ್ದು ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ಚುಚ್ಚುಮದ್ದು.

ಶ್ವಾಸಕೋಶದ ಗಾಳಿಗೂಡುಗಳು ಮುಚ್ಚಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡುದ್ರವವು ಬೇಗ ಹುಟ್ಟಿದ ಶಿಶುವಿನಲ್ಲಿ ಸಾಲದು. ತಾಯಿಗೆ ಕೊಟ್ಟ ಔಷಧವು ಮಾಸಿನ ಮೂಲಕ ಗರ್ಭವನ್ನು ಸೇರಿ ಶ್ವಾಸಕೋಶವನ್ನು ಬೇಗ ಪಕ್ವಗೊಳಿಸುತ್ತದೆ. ನ್ಯೂಜಿಲೆಂಡಿನ ಲಿಗಿನ್ಸ್ ಅವರು ಕುರಿಗಳಲ್ಲಿ ಹೆರಿಗೆಯ ಕಾರಣವನ್ನು ಹುಡುಕುತ್ತಿದ್ದಾಗ, ಬದುಕಬಾರದಷ್ಟು ಬೇಗ ಹುಟ್ಟಿದ ಮರಿಯೂ ಉಸಿರಾಡಿದ್ದನ್ನು ಕಂಡರು. 1972ರಲ್ಲಿ ಅವರೂ ಹೋವಿ ಅವರೂ ತಾಯಂದಿರಲ್ಲಿ ನಡೆಸಿದ ಪ್ರಯೋಗದ ಫಲವನ್ನು ಪ್ರಕಟಿಸಿದರು.

ಮುಂದಿನ ಕಥೆ ನಮ್ಮ ನಾಡಿನದೇ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವು ಪಾಲ್ಗೊಂಡ, ಆರು ದೇಶಗಳ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಹಳ್ಳಿಗಳ ಮಟ್ಟದಲ್ಲಿ ಈ ಮದ್ದಿನ ಬಳಕೆಯನ್ನು ವ್ಯಾಪಕಗೊಳಿಸಿದಾಗ ಅತಿ ಸಣ್ಣ ಶಿಶುಗಳ ಸಾವು ಇಳಿಯಲಿಲ್ಲ. ಒಟ್ಟು ನವಜಾತ ಮರಣವು ಸಾವಿರಕ್ಕೆ ಮೂರು-ನಾಲ್ಕರಷ್ಟು ಏರಿತು. ಮದ್ದು ಪಡೆದವರಲ್ಲಿ ಅನೇಕರು ದಿನ ತುಂಬಿದ ಮೇಲೆಯೇ ಹೆತ್ತಿದ್ದರು. ವೈದ್ಯಲೋಕ ಬೆಚ್ಚಿಬಿದ್ದದ್ದು ಸಹಜವೇ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ, ಬೆಳಗಾವಿಯನ್ನೂ ಒಳಗೊಂಡು, ಮತ್ತೆ ಪರೀಕ್ಷೆ ನಡೆಸಿತು. ಈ ಬಾರಿ ಸ್ಕ್ಯಾನಿಂಗ್‌ನಿಂದ ಗರ್ಭದ ವಾರಗಳನ್ನು ಖಚಿತಪಡಿಸಿಕೊಂಡಿದ್ದರು; ಶಿಶು ಆರೈಕೆಯ ವ್ಯವಸ್ಥೆಯೂ ಇತ್ತು. 2020ರಲ್ಲಿ ಬಂದ ಫಲಿತಾಂಶದಂತೆ, ಮದ್ದು ಪಡೆದ ತಾಯಂದಿರ ಶಿಶುಗಳಲ್ಲಿ ನವಜಾತ ಮರಣ ಶೇ. 19.6, ಪಡೆಯದವರಲ್ಲಿ ಶೇ. 23.5. ಇಪ್ಪತ್ತೈದು ತಾಯಂದಿರಿಗೆ ಕೊಟ್ಟರೆ ಒಂದು ಕೂಸು ಉಳಿದಂತೆ.

ಮದ್ದು ಅದೇ, ಊರೂ ಅದೇ. ಬದಲಾದದ್ದು ವಾರಗಳ ಲೆಕ್ಕ ಮತ್ತು ಆರೈಕೆ. ಆದುದರಿಂದ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗನ್ನು ಖರ್ಚೆಂದು ಬಗೆದು ಮುಂದೂಡುವುದು ತರವಲ್ಲ. ಕೊನೆಯ ಮುಟ್ಟಿನ ದಿನಾಂಕವು ತಾಯಿ ಕಾರ್ಡಿನಲ್ಲಿ ಇರಲೇಬೇಕು.

ಸ್ಟಿರಾಯ್ಡ್ ಎಂಬ ಹೆಸರು ಕೇಳಿಯೇ ಮನೆಯ ಹಿರಿಯರು ಬೇಡವೆನ್ನುವುದುಂಟು. ವ್ಯಾಯಾಮಶಾಲೆಯ ಹುಡುಗರು ಕದ್ದು ನುಂಗುವ ಮಾತ್ರೆಯೇ ಬೇರೆ, ಇದೇ ಬೇರೆ. ಇದು ಹನ್ನೆರಡು ಗಂಟೆಗೊಮ್ಮೆ ಆರು ಮಿಲಿಗ್ರಾಂನಂತೆ ನಾಲ್ಕು ಬಾರಿ ಮಾತ್ರ. ಸಕ್ಕರೆ ಕಾಯಿಲೆಯಿರುವ ತಾಯಿಗೆ ಸಕ್ಕರೆಯಂಶ ಕೆಲಕಾಲ ಏರಬಹುದು. ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿಯಂತೆ, 24ರಿಂದ 34 ವಾರಗಳ ನಡುವೆ ಅಕಾಲ ಹೆರಿಗೆನೋವು ಬಂದವಳನ್ನು ದೊಡ್ಡ ಆಸ್ಪತ್ರೆಗೆ ಕಳಿಸುವ ಮುನ್ನ ತರಬೇತಾದ ಸಹಾಯಕ ದಾದಿಯೂ ಮೊದಲ ಚುಚ್ಚುಮದ್ದನ್ನು ಕೊಡಬಹುದು. ಅದನ್ನು ಕೊಟ್ಟ ಗಳಿಗೆಯನ್ನು ಚೀಟಿಯಲ್ಲಿ ಬರೆಸಿಕೊಂಡೇ ಆಂಬುಲೆನ್ಸ್ ಹತ್ತಬೇಕು. ಮುಂದಿನ ಆಸ್ಪತ್ರೆಯ ವೈದ್ಯರು ಹನ್ನೆರಡು ಗಂಟೆಗಳನ್ನು ಎಣಿಸುವುದು ಅಲ್ಲಿಂದಲೇ.