ಸಿಹಿಯನ್ನು ಕೈಬಿಟ್ಟ ಷಾಂಪೇನ್

ಷಾಂಪೇನ್ ಬಾಟಲಿಯ ಮೇಲೆ 'ಬ್ರೂಟ್' ಎಂದಿದ್ದರೆ ಅದರಲ್ಲಿ ಸಕ್ಕರೆ ಅತ್ಯಲ್ಪ ಎಂದರ್ಥ. ಇಂದಿನ ನಿಯಮದಂತೆ ಅದು ಲೀಟರಿಗೆ 12 ಗ್ರಾಂ ಮೀರುವಂತಿಲ್ಲ. 19ನೇ ಶತಮಾನದಲ್ಲಾದರೋ 100 ಗ್ರಾಂಗೂ ಮಿಕ್ಕಿದ ಸಿಹಿ ಸಾಮಾನ್ಯವಾಗಿತ್ತು.

ಈ ರೂಢಿಯನ್ನು ಮುರಿದವರಲ್ಲಿ ಪ್ರಮುಖರು ಫ್ರಾನ್ಸಿನ ರೀಮ್ಸ್ ನಗರದ ಲೂಯಿಸ್ ಪೊಮೆರಿ. 1858ರಲ್ಲಿ ಪತಿ ತೀರಿಕೊಂಡಾಗ ಅವರ ಮಡಿಲಲ್ಲಿ ಹಸುಗೂಸಿತ್ತು. ವ್ಯಾಪಾರದ ಹೊಣೆಯೂ ಹೆಗಲೇರಿತು. ಕೆಂಪು ವೈನ್ ಮಾರುತ್ತಿದ್ದ ಸಂಸ್ಥೆಯನ್ನು ಅವರು ಷಾಂಪೇನ್‌ನತ್ತ ತಿರುಗಿಸಿದರು. ಸಿಹಿ ಕಡಿಮೆಯಿರುವ ಪಾನೀಯ ಬಯಸುತ್ತಿದ್ದ ಇಂಗ್ಲೆಂಡಿನ ಗ್ರಾಹಕರನ್ನು ಗಮನದಲ್ಲಿರಿಸಿಕೊಂಡು, 1874ರ ಫಸಲಿನಿಂದ 'ಪೊಮೆರಿ ನಾತ್ಯೂರ್' ಎಂಬ ಬ್ರೂಟ್ ಷಾಂಪೇನ್ ಸಿದ್ಧಪಡಿಸಿದರು.

ಇದು ಸುಲಭದ ನಿರ್ಧಾರವಾಗಿರಲಿಲ್ಲ. ಸಕ್ಕರೆಯು ವೈನಿನ ಹುಳಿಯನ್ನೂ ದೋಷವನ್ನೂ ಮರೆಮಾಚುತ್ತದೆ. ಅದಿಲ್ಲವೆಂದರೆ ದ್ರಾಕ್ಷಿ ಚೆನ್ನಾಗಿ ಮಾಗಬೇಕು. ಕೊಯ್ಲು ತಡವಾದಷ್ಟೂ ಮಳೆ ಹಾಗೂ ಕೊಳೆರೋಗದ ಭೀತಿ. ನೆಲಮಾಳಿಗೆಯಲ್ಲಿ ಹೆಚ್ಚು ಕಾಲ ಹದಗೊಳಿಸಬೇಕಾದುದರಿಂದ ಬಂಡವಾಳವೂ ಅಷ್ಟು ಕಾಲ ಸಿಲುಕಿಕೊಳ್ಳುತ್ತದೆ.

ಅದಕ್ಕೆ ಬೇಕಾದ ತಂಪು ಒದಗಿಸಿದ್ದು ರೋಮನ್ನರ ಕಾಲದ ಸುಣ್ಣಕಲ್ಲಿನ ಗಣಿಗಳು. 1868ರಿಂದ ಈ ಗುಂಡಿಗಳನ್ನು ಸುರಂಗಗಳಿಂದ ಜೋಡಿಸಲಾಯಿತು. ನೆಲದಿಂದ ಸುಮಾರು 30 ಮೀಟರ್ ಆಳದಲ್ಲಿ 18 ಕಿಲೋಮೀಟರ್‌ನಷ್ಟು ಹಬ್ಬಿರುವ ಅಲ್ಲಿ ವರ್ಷವಿಡೀ ಸುಮಾರು 10 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವಿರುತ್ತದೆ. ಇಳಿಯಲು 116 ಮೆಟ್ಟಿಲುಗಳಿವೆ.

ಲೂಯಿಸ್ 1890ರಲ್ಲಿ ನಿಧನರಾದರು. ಸಂಸ್ಥೆಯು 2002ರಲ್ಲಿ ವ್ರಾಂಕೆನ್ ಸಮೂಹದ ಪಾಲಾಯಿತು. ನೆಲಮಾಳಿಗೆಗಳಿರುವ ಸೇಂಟ್ ನಿಕೇಸ್ ಗುಡ್ಡವು 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಂದು ಅಪರೂಪವಾಗಿದ್ದ ಬ್ರೂಟ್ ಇಂದು ಷಾಂಪೇನ್‌ನ ಅತಿ ಸಾಮಾನ್ಯ ಬಗೆ.